ಟೊಮೆಟೊ ಸಾಲಿಗೆ ಚೆಂಡು ಹೂವು ಬಂದ ಹಾದಿ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಸಂಜೆ ನೀರು ಬಿಟ್ಟು ಕೂತಾಗ ಓದಿ.

ಹೋದ ವಾರ ಮಂಡಿಯಲ್ಲಿ ಬಾಕ್ಸ್ ಇಳಿಸ್ತಾ ಇದ್ದೆ. ಪಕ್ಕದೂರಿನ ಹುಡುಗ ಒಬ್ಬ ಬಂದು ಕೇಳಿದ, "ಅಣ್ಣಾ, ಟೊಮೆಟೊ ಮಧ್ಯೆ ಚೆಂಡು ಹೂವು ಹಾಕಿದ್ರೆ ಹುಳ ಬರಲ್ಲ ಅಂತ ನೀವೇ ಬರ್ದಿದ್ರಿ. ನಾನು ಹಾಕ್ದೆ. ಹುಳ ಬಂತು. ಕಾಯೆಲ್ಲ ತೂತು." ಯಾವ ಚೆಂಡು ಹಾಕಿದ್ದಪ್ಪಾ ಅಂದೆ. ನರ್ಸರಿಯಲ್ಲಿ ನೋಡೋಕೆ ಚೆನ್ನಾಗಿತ್ತಂತೆ, ಮೊಣಕಾಲಿಗಿಂತ ಗಿಡ್ಡ ಗಿಡ, ಕೆಂಪು ಅಂಚಿನ ಹಳದಿ ಹೂವು, ಟೊಮೆಟೊ ನಾಟಿ ಮಾಡಿದ ದಿನವೇ ಬದು ಸುತ್ತ ನೆಟ್ಟನಂತೆ. ನನಗೆ ನಗುನೂ ಬಂತು, ಬೇಜಾರೂ ಆಯ್ತು. ಯಾಕಂದ್ರೆ ಅದೇ ಕೆಲಸ ನಾನೂ ಒಂದು ಕಾಲದಲ್ಲಿ ಮಾಡಿದ್ದೆ. "ಹುಳ ಬರಲ್ಲ" ಅಂತ ನಾನು ಬರೆದಿರಲಿಲ್ಲ, ಆದರೆ ಅರ್ಧ ಬರೆದಿದ್ದೆ, ಅದೂ ತಪ್ಪೇ. ಈಗ ಪೂರ್ತಿ ಬರೀತೀನಿ. ಯಾವ ಚೆಂಡು ಯಾವುದಕ್ಕೆ ಅನ್ನೋದು ತಿಳೀಬೇಕು ಅಂದ್ರೆ ಅದು ಎಲ್ಲಿಂದ ಬಂತು, ಯಾರು ಯಾತಕ್ಕೆ ಅದನ್ನ ತಿದ್ದಿದರು ಅಂತ ತಿಳ್ಕೋಬೇಕು. ನಾನು ಓದಿರೋದು ಎಸ್ಸೆಸ್ಸೆಲ್ಸಿ. ಆದರೆ ಈ ಹೂವಿನ ವಿಷಯ ಮಾತ್ರ ಸುಮಾರು ಇಪ್ಪತ್ತು ವರ್ಷದಿಂದ ಕೇಳಿ, ಓದಿ, ಹೊಲದಲ್ಲಿ ಹಾಕಿ ನೋಡಿದೀನಿ.

ಮೊದಲು ಹೆಸರು. ನಾವು ಚೆಂಡು ಹೂವು ಅಂತೀವಿ. ನಮ್ಮ ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಮಾತಾಡೋರು ಬಂತಿ ಪೂಲು ಅಂತಾರೆ. ಹಿಂದಿಯವರು ಗೇಂದಾ, ಮರಾಠಿಯವರು ಝೆಂಡು. ಚೆಂಡು ಅಂದರೂ ಬಂತಿ ಅಂದರೂ ಗೇಂದಾ ಅಂದರೂ ಅರ್ಥ ಒಂದೇ, ಆಟದ ಚೆಂಡು. ತಮಿಳಿನಲ್ಲಿ ಒಂದು ಹೆಸರು ತುಲುಕ್ಕ ಸಾಮಂದಿ, ಅಂದರೆ ತುರುಕರ ಸೇವಂತಿಗೆ. ಹೊರಗಿನಿಂದ ಬಂದ ಸೇವಂತಿಗೆ ಅಂತ. ಸೇವಂತಿಗೆ, ಮಲ್ಲಿಗೆ, ಸಂಪಿಗೆ ಇವಕ್ಕೆಲ್ಲ ಅವುಗಳದ್ದೇ ಹಳೇ ಹೆಸರಿದೆ. ಇದಕ್ಕೆ ಮಾತ್ರ ಎಲ್ಲರೂ ಕಣ್ಣಿಗೆ ಕಂಡ ಹಾಗೆ ಹೆಸರಿಟ್ಟರು. ಆಮೇಲೆ ಬಂದ ನೆಂಟನಿಗೆ ಊರಲ್ಲಿ ಅಡ್ಡಹೆಸರು ಇಟ್ಟ ಹಾಗೆ.

ಇದರ ತವರು ಮೆಕ್ಸಿಕೋ. ಅಲ್ಲಿನ ಹಳೇ ಜನರ ನಾವಾಟ್ಲ್ ಭಾಷೆಯಲ್ಲಿ ಇದರ ಹೆಸರಿನ ಅರ್ಥ "ಇಪ್ಪತ್ತು ಹೂವು", ಅಂದರೆ ಒಂದರಲ್ಲೇ ಬಹಳ ಎಸಳು. ಇವತ್ತಿಗೂ ಅಲ್ಲಿ ನವೆಂಬರ್ ಮೊದಲೆರಡು ದಿನ ಸತ್ತವರ ಹಬ್ಬ ಮಾಡ್ತಾರೆ. ಸಮಾಧಿಗೆಲ್ಲ ಇದೇ ಹೂವು. ಹಿರಿಯರ ಆತ್ಮ ದಾರಿ ತಪ್ಪಬಾರದು ಅಂತ ಮನೆವರೆಗೂ ಎಸಳು ಚೆಲ್ಲುತ್ತಾರಂತೆ, ಬಣ್ಣ ಮತ್ತು ವಾಸನೆ ಹಿಡಿದು ಬರಲಿ ಅಂತ. ಈ ವಾಸನೆ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ. ನಮ್ಮ ಟೊಮೆಟೊ ಹೆಸರೂ ಅದೇ ನಾವಾಟ್ಲ್ ಭಾಷೆಯದ್ದು. ಮೆಣಸಿನಕಾಯಿನೂ ಆ ಕಡೆಯದ್ದೇ. ಚೆಂಡು, ಟೊಮೆಟೊ, ಮೆಣಸಿನಕಾಯಿ ಮೂರೂ ಒಂದೇ ಊರಿನ ಗಿಡಗಳು ನಮ್ಮ ಒಂದೇ ಹೊಲದಲ್ಲಿ ಇವೆ.

ಸ್ಪೇನಿನವರು 1521ರಲ್ಲಿ ಮೆಕ್ಸಿಕೋ ಗೆದ್ದ ಮೇಲೆ ಬೀಜ ಯುರೋಪಿಗೆ ಹೋಯ್ತು. ಬಹಳ ಬೇಗ ಹಬ್ಬಿತು. 1542ರಲ್ಲಿ ಜರ್ಮನಿಯ ಫುಕ್ಸ್ ಅನ್ನೋ ವೈದ್ಯ ಅಚ್ಚು ಹಾಕಿಸಿದ ಗಿಡಮೂಲಿಕೆ ಪುಸ್ತಕದಲ್ಲೇ ಗಿಡ್ಡ ಚೆಂಡಿನ ಚಿತ್ರ ಇದೆ. ಹಾಗಾದ್ರೆ ಬೀಜದ ಪ್ಯಾಕೆಟ್ ಮೇಲೆ ಆಫ್ರಿಕನ್, ಫ್ರೆಂಚ್ ಅಂತ ಯಾಕೆ ಬರೀತಾರೆ? 1535ರಲ್ಲಿ ಐದನೇ ಚಾರ್ಲ್ಸ್ ದೊರೆ ಆಫ್ರಿಕಾದ ಟ್ಯುನಿಸ್ ಮೇಲೆ ದಂಡೆತ್ತಿ ಹೋದಾಗ ಎತ್ತರದ ಚೆಂಡು ಅಲ್ಲಿ ಬೆಳೆದಿದ್ದು ಕಂಡು, ಅಲ್ಲಿಯದೇ ಅಂದುಕೊಂಡರು ಅಂತ ಒಂದು ಕಥೆ ಹೇಳ್ತಾರೆ. ಗಿಡ್ಡದು ಫ್ರಾನ್ಸ್ ಮೇಲಿಂದ ಇಂಗ್ಲೆಂಡಿಗೆ ಹೋಗಿ ಫ್ರೆಂಚ್ ಆಯ್ತಂತೆ. ಕಥೆ ಏನೇ ಇರಲಿ, ಎರಡೂ ಮೆಕ್ಸಿಕೋ ಕಡೆಯವೇ. 1753ರಲ್ಲಿ ಲಿನ್ನೇಯಸ್ ಎತ್ತರದ್ದಕ್ಕೆ ಟ್ಯಾಜೆಟಿಸ್ ಇರೆಕ್ಟ ಅಂತಲೂ, ಹರಡಿ ಬೆಳೆಯೋ ಗಿಡ್ಡದ್ದಕ್ಕೆ ಟ್ಯಾಜೆಟಿಸ್ ಪ್ಯಾಟುಲ ಅಂತಲೂ ಹೆಸರಿಟ್ಟ. ನಮಗೆ ಇಷ್ಟು ಗೊತ್ತಿದ್ರೆ ಸಾಕು, ಆಫ್ರಿಕನ್ ಅಂದ್ರೆ ಎತ್ತರ, ದಪ್ಪ ಹೂವು, ಹಾರದ ಚೆಂಡು. ಫ್ರೆಂಚ್ ಅಂದ್ರೆ ಗಿಡ್ಡ, ಸಣ್ಣ ಹೂವು, ಕೆಂಪು ಹಳದಿ ಮಿಶ್ರ. ಆ ಹುಡುಗ ನೆಟ್ಟಿದ್ದು ಫ್ರೆಂಚ್.

ನಮ್ಮ ದೇಶಕ್ಕೆ ಪೋರ್ಚುಗೀಸರ ಹಡಗಿನಲ್ಲಿ ಬಂತು ಅನ್ನೋದು ಸಾಮಾನ್ಯವಾಗಿ ಹೇಳೋ ಮಾತು. ಹೇಗೇ ಬರಲಿ, ಇಲ್ಲಿ ಬಂದು ದೇವರ ತಲೆ ಮೇಲೆ ಹತ್ತಿ ಕೂತಿತು. ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಚೆಂಡು ಹೂವಿನ ಹಾರ ಇಲ್ಲದೆ ಪೂಜೆ ಆದಂಗೆ ಅನ್ಸುತ್ತಾ?

ಈಗ ನಮ್ಮ ಮನೆ ಕಥೆ ಹೇಳ್ಬೇಕು.

1993ನೇ ಇಸವಿ. ನಮ್ಮದು ಎರಡು ಎಕರೆ ಹತ್ತು ಗುಂಟೆ, ಅಪ್ಪ ಮತ್ತು ಚಿಕ್ಕಪ್ಪ ಒಟ್ಟಿಗೆ ಮಾಡ್ತಿದ್ದರು. ಒಂದು ಎಕರೆ ಟೊಮೆಟೊ. ಕಾಯಿಕೊರಕ ಬಿತ್ತು. ಮೊದಲು ವಾರಕ್ಕೊಂದು ಸಲ ಹೊಡೆದರು, ಆಮೇಲೆ ನಾಲ್ಕು ದಿನಕ್ಕೊಂದು ಸಲ. ಅಂಗಡಿಯವರು ಎರಡು ಔಷಧಿ ಸೇರಿಸಿ ಹೊಡೀರಿ ಅಂದರು, ಸೇರಿಸಿ ಹೊಡೆದರು. ಬಾಯಿಗೆ ಬಟ್ಟೆ ಇಲ್ಲ, ಕೈಗೆ ಚೀಲ ಇಲ್ಲ, ಲುಂಗಿ ಎತ್ತಿ ಕಟ್ಟಿ ಬರಿಗಾಲಲ್ಲಿ. ಹದಿಮೂರನೇ ಸಲವೋ ಹದಿನಾಲ್ಕನೇ ಸಲವೋ, ಮಧ್ಯಾಹ್ನ ಚಿಕ್ಕಪ್ಪ ಸಾಲಿನಲ್ಲೇ ಕುಸಿದುಬಿಟ್ಟ. ಬಾಯಲ್ಲಿ ನೊರೆ. ಎತ್ತಿನ ಗಾಡಿಯಲ್ಲಿ ರಸ್ತೆವರೆಗೂ ಹಾಕಿಕೊಂಡು ಹೋಗಿ, ಅಲ್ಲಿಂದ ಹಾಲಿನ ವ್ಯಾನು. ಬದುಕಿದ. ಆದರೆ ಅಮ್ಮನ ಎರಡು ಬಳೆ ಅಡ ಹೋಯ್ತು, ವಾಪಸ್ ಬರಲೇ ಇಲ್ಲ. ಚಿಕ್ಕಪ್ಪ ಆಮೇಲೆ ಯಾವತ್ತೂ ಪಂಪು ಮುಟ್ಟಲಿಲ್ಲ. ಔಷಧಿ ವಾಸನೆ ಬಂದ್ರೆ ಎದ್ದು ಹೋಗ್ತಿದ್ದ. ಆ ವರ್ಷದ ಟೊಮೆಟೊ? ಅರ್ಧಕ್ಕರ್ಧ ತೂತು. ಹುಳ ಸಾಯ್ಲಿಲ್ಲ.

ಹುಳ ಯಾಕೆ ಸಾಯ್ಲಿಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಈ ಹಸಿರು ಕಾಯಿಕೊರಕ, ಹೆಲಿಕೋವರ್ಪ ಅಂತಾರೆ, ಇದು ನಮ್ಮ ಏಷ್ಯಾ, ಆಫ್ರಿಕಾ ಕಡೆಯ ಹಳೇ ಹುಳ. ತೊಗರಿ, ಕಡಲೆ, ಹತ್ತಿ, ನಮ್ಮ ಅವರೆಕಾಯಿ ಎಲ್ಲಾ ತಿನ್ನುತ್ತೆ. 1987ರಲ್ಲಿ ಪಕ್ಕದ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಆಗ ಹೊಸದಾಗಿದ್ದ ಪೈರಿಥ್ರಾಯ್ಡ್ ಔಷಧಿಗಳಿಗೆ ಈ ಹುಳ ಜಗ್ಗಲಿಲ್ಲ. ಹೊಡೆದೂ ಹೊಡೆದೂ ಸಾಲ ಮಾಡಿಕೊಂಡ ಹತ್ತಿ ರೈತರು ಪ್ರಾಣ ಕಳ್ಕೊಂಡರು. ಆ ಪತಂಗ ಒಂದೇ ಊರಿನಲ್ಲಿ ಕೂರೋದಲ್ಲ, ಗಾಳಿ ಹಿಡಿದು ದೂರ ದೂರ ಹಾರುತ್ತೆ. ಔಷಧಿಗೆ ಬಗ್ಗದ ಹುಳ ಅಂತ ನಮ್ಮ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಡಬ್ಬ ತಗೊಂಡು ಹೋಗಿ ಅಂದಿದ್ದೇ ಹೆಚ್ಚು.

ಅದೇ ಹೊತ್ತಿಗೆ, ನಮ್ಮೂರಿಂದ ಒಂದು ಬಸ್ ಪ್ರಯಾಣದ ದೂರದಲ್ಲಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೇರೆ ಕೆಲಸ ನಡೀತಿತ್ತು. 1967ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಶ್ರೀನಿವಾಸನ್, ಕೃಷ್ಣಮೂರ್ತಿ, ರವಿಪ್ರಸಾದ್ ಅನ್ನೋ ಮೂವರು ವಿಜ್ಞಾನಿಗಳು 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಟೊಮೆಟೊ ಕಾಯಿಕೊರಕಕ್ಕೆ ಆಫ್ರಿಕನ್ ಚೆಂಡು ಬಲೆ ಬೆಳೆ ಅಂತ. ನಮ್ಮ ಚಿಕ್ಕಪ್ಪ ಬಿದ್ದ ಮಾರನೇ ವರ್ಷ. ಅದನ್ನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಅದು ನಮ್ಮೂರಿಗೆ ತಲುಪೋಕೆ ಇನ್ನೂ ಹತ್ತು ವರ್ಷ ಹಿಡೀತು.

ಅವರು ಹೇಳಿದ್ದು "ಚೆಂಡು ಹಾಕಿದ್ರೆ ಹುಳ ಬರಲ್ಲ" ಅಂತ ಅಲ್ಲ. ಉಲ್ಟಾ. ಚೆಂಡು ಹುಳನ ಕರೆಯುತ್ತೆ. ಪತಂಗ ಮೊಟ್ಟೆ ಇಡೋಕೆ ಟೊಮೆಟೊಗಿಂತ ಚೆಂಡಿನ ಮೊಗ್ಗು, ಹೂವು ಇಷ್ಟಪಡುತ್ತೆ. ಅಮೆರಿಕದಿಂದ ಬಂದ ಎರಡು ಗಿಡ ಮುಂದೆ ಇಟ್ಟರೆ, ನಮ್ಮೂರಿನ ಹುಳ ಹೂವನ್ನ ಆರಿಸ್ಕೊಳ್ಳುತ್ತೆ, ನೋಡಿ. ಆದರೆ ಇದಕ್ಕೆ ಲೆಕ್ಕ ಇದೆ. 16 ಸಾಲು ಟೊಮೆಟೊಗೆ 1 ಸಾಲು ಚೆಂಡು. ನಾಟಿ ದಿನ ಟೊಮೆಟೊ ಸಸಿಗೆ 25 ದಿನ ಆಗಿರಬೇಕು, ಚೆಂಡಿನ ಸಸಿಗೆ 40ರಿಂದ 45 ದಿನ. ಅಂದರೆ ಚೆಂಡಿನ ಬೀಜ ಸುಮಾರು 20 ದಿನ ಮುಂಚೆ ಬಿತ್ತಬೇಕು. ಯಾಕೆ? ಟೊಮೆಟೊ ಹೂವು ಬಿಡೋ ಹೊತ್ತಿಗೆ ಚೆಂಡಿನಲ್ಲೂ ಮೊಗ್ಗು ಇರಬೇಕು. ಬಲೆ ಹಾಕೋ ಮುಂಚೆ ಮೀನು ಹೋದರೆ ಏನು ಪ್ರಯೋಜನ. ಆ ಹುಡುಗ ತಪ್ಪಿದ್ದು ಇಲ್ಲಿ. ಚೆಂಡಿನ ಜಾತಿಯೂ ಬೇರೆ, ವಯಸ್ಸಿನ ಲೆಕ್ಕವೂ ಇಲ್ಲ, ಸಾಲಿನ ಮಧ್ಯೆ ಬಿಟ್ಟು ಬದು ಸುತ್ತ ಮಾತ್ರ ನೆಟ್ಟ. ಎತ್ತರದ ಆಫ್ರಿಕನ್ ಚೆಂಡೇ ಬೇಕು.

ಇನ್ನೊಂದು ವಿಷಯ. ಬಲೆಗೆ ಬಿದ್ದ ಹುಳ ಅಲ್ಲೇ ಬಿಟ್ಟರೆ ಅದು ದೊಡ್ಡದಾಗಿ ಪತಂಗ ಆಗಿ ನಿಮ್ಮ ಟೊಮೆಟೊಗೇ ಬರುತ್ತೆ. ಹೂವು ಕಿತ್ತು ಮಾರ್ತಾ ಇರಬೇಕು. ಹುಳ ಇರೋ ಹೂವು, ಮೊಗ್ಗು ಕಿತ್ತು ಸೋಪು ನೀರಿನ ಬಕೆಟ್ಟಿಗೆ. ಟೊಮೆಟೊ ಮೇಲೆ ಉಳಿದ ಹುಳಕ್ಕೆ ಎನ್‌ಪಿವಿ ಅಂತ ಸಿಗುತ್ತೆ, ಹುಳಕ್ಕೇ ಬರೋ ವೈರಸ್ ರೋಗದ ದ್ರಾವಣ. ಬಿಸಿಲಿಗೆ ಅದು ಕೆಡುತ್ತೆ, ಅದಕ್ಕೆ ಸಂಜೆ ಹೊಡೀಬೇಕು. ಸತ್ತ ಹುಳ ಎಲೆಯಿಂದ ತಲೆಕೆಳಗಾಗಿ ನೇತಾಡುತ್ತೆ. ಮೊದಲ ಸಲ ನೋಡಿದಾಗ ಚಿಕ್ಕಪ್ಪನ್ನ ಕರ್ಕೊಂಡು ಹೋಗಿ ತೋರಿಸಿದ್ದೆ. ಬಹಳ ಹೊತ್ತು ನೋಡ್ತಾ ನಿಂತಿದ್ದ. "ಇದಕ್ಕೆ ವಾಸ್ನೆ ಇಲ್ವಲ್ಲೋ" ಅಂದ, ಅಷ್ಟೇ.

ಹಾಗಾದ್ರೆ ಗಿಡ್ಡ ಫ್ರೆಂಚ್ ಚೆಂಡು ದಂಡವಾ? ಅಲ್ಲ. ಅದರ ಕೆಲಸ ಮಣ್ಣಿನೊಳಗೆ. ಬೇರುಗಂಟು ರೋಗ ನಿಮಗೆಲ್ಲ ಗೊತ್ತು. ಟೊಮೆಟೊ ಕಿತ್ತರೆ ಬೇರಲ್ಲಿ ಗಂಟು ಗಂಟು, ಶುಂಠಿ ಥರ. ಕಣ್ಣಿಗೆ ಕಾಣದ ಜಂತುಹುಳು ಅದು. 1941ರಲ್ಲಿ ಅಮೆರಿಕದ ಸ್ಟೈನರ್ ಅನ್ನೋರು ನೋಡಿದ್ದು ಏನಂದ್ರೆ, ಈ ಜಂತುಹುಳು ಚೆಂಡಿನ ಬೇರಿನೊಳಗೆ ಹೋಗುತ್ತೆ, ಆದರೆ ಅಲ್ಲಿ ಬೆಳೆಯಲ್ಲ. ಆಮೇಲೆ 1950ರ ದಶಕದಲ್ಲಿ ಹಾಲೆಂಡ್ ದೇಶದ ಹೂವಿನ ಗೆಡ್ಡೆ ಬೆಳೆಯೋ ಕಡೆ ಇದು ಮತ್ತೆ ಕಂಡಿತು. ಚೆಂಡು ಬೆಳೆದ ಜಾಗದಲ್ಲಿ ಮುಂದಿನ ಬೆಳೆಗೆ ಬೇರು ಕೊಳೆಯೋದು ಕಡಿಮೆ. 1958ರಲ್ಲಿ ಅಲ್ಲಿನ ಇಬ್ಬರು ರಸಾಯನ ವಿಜ್ಞಾನಿಗಳು ಬೇರಿನಿಂದ ಆಲ್ಫಾ ಟರ್ಥೈನಿಲ್ ಅನ್ನೋ ವಸ್ತು ತೆಗೆದು, ಜಂತುಹುಳು ಸಾಯಿಸೋದು ಇದೇ ಅಂತ ತೋರಿಸಿದರು.

ಇಲ್ಲಿಯೂ ನಾವು ತಪ್ಪು ಮಾಡ್ತೀವಿ. ನಾಲ್ಕು ಗಿಡ ಅಲ್ಲಲ್ಲಿ ನೆಟ್ಟರೆ ಜಂತುಹುಳು ಹೋಗಲ್ಲ. ಬೇರು ಎಲ್ಲಿವರೆಗೂ ಹೋಗಿದೆಯೋ ಅಲ್ಲಿ ಮಾತ್ರ ಕೆಲಸ, ಅದೂ ಬದುಕಿರೋ ಬೇರು. ಟೊಮೆಟೊ ಹಾಕೋ ಮುಂಚೆ ಅದೇ ಜಾಗದಲ್ಲಿ ಎರಡು ಮೂರು ತಿಂಗಳು ಒತ್ತಾಗಿ ಚೆಂಡು ಬೆಳೆದು, ಆಮೇಲೆ ಉಳುಮೆ ಮಾಡ್ಬೇಕು. ಮಧ್ಯೆ ಕಳೆ ಬಿಡಬಾರದು. ಕಳೆ ಬೇರಲ್ಲಿ ಜಂತುಹುಳು ಆರಾಮಾಗಿ ಬದುಕುತ್ತೆ. ನಾನು ಮೂರು ವರ್ಷದ ಹಿಂದೆ ಬಾವಿ ಪಕ್ಕದ 12 ಗುಂಟೆಯಲ್ಲಿ ಹೀಗೆ ಮಾಡಿದೆ. ಒಂದು ಬೆಳೆ ಕಾಲ ಹೋಯ್ತು ಅಂತ ಮಗ ಗೊಣಗಿದ. ಮುಂದಿನ ಟೊಮೆಟೊ ಕಿತ್ತಾಗ ಬೇರು ತೋರಿಸಿದೆ, ಗಂಟು ಇತ್ತು, ಆದರೆ ಕೈ ಬೆರಳಲ್ಲಿ ಎಣಿಸೋಷ್ಟು.

ಬಿಳಿನೊಣಕ್ಕೂ ಫ್ರೆಂಚ್ ಚೆಂಡು ಒಳ್ಳೇದು ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ಅದರ ಮೂಲ 2019ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗ. ಗಿಡದಿಂದ ಬರೋ ಲಿಮೋನಿನ್ ಅನ್ನೋ ವಾಸನೆಗೆ ಬಿಳಿನೊಣ ಹತ್ತಿರ ಬರೋದು ಕಡಿಮೆ ಆಗುತ್ತೆ ಅಂತ. ನಿಜ, ಆದರೆ ಅದು ಗಾಜಿನ ಮನೆಯೊಳಗೆ, ಅಲ್ಲಿನ ಬಿಳಿನೊಣದ ಜಾತಿಯೂ ಬೇರೆ. ನಮ್ಮ ಬಯಲು ಹೊಲದ ಗಾಳಿಗೆ ವಾಸನೆ ನಿಲ್ಲಬೇಕಲ್ಲ. ನನ್ನ ಹೊಲದಲ್ಲಿ ವ್ಯತ್ಯಾಸ ಕಂಡಿಲ್ಲ.

ಬಣ್ಣದ ಕಥೆ ಬೇರೆನೇ ಇದೆ. ಅಮೆರಿಕದಲ್ಲಿ ಬರ್ಪಿ ಅನ್ನೋ ಬೀಜ ವ್ಯಾಪಾರಿ ಮನೆತನ. ಮಗ ಡೇವಿಡ್ ಬರ್ಪಿಗೆ ಚೆಂಡಿನ ಹುಚ್ಚು. ಅಲ್ಲಿನ ಹೆಂಗಸರು ಎಲೆ ವಾಸನೆ ಘಾಟು ಅಂತ ಮನೆ ಅಂಗಳದಲ್ಲಿ ಬೆಳೀತಿರಲಿಲ್ಲ. ಅದಕ್ಕೆ ಎಲೆಗೆ ವಾಸನೆ ಇಲ್ಲದ ಒಂದು ತಳಿ ಹುಡುಕಿ 1937ರ ಹೊತ್ತಿಗೆ ಮಾರುಕಟ್ಟೆಗೆ ತಂದ, ಅದಕ್ಕೆ ಪದಕನೂ ಬಂತು. 1954ರಲ್ಲಿ ಬಿಳಿ ಚೆಂಡು ಬೆಳೆದು ತೋರಿಸಿದವರಿಗೆ 10,000 ಡಾಲರ್ ಅಂತ ಸಾರಿದ. ಸಾವಿರಾರು ಜನ ಅಂಗಳದಲ್ಲಿ ಬೆಳೆದು ಬೆಳೆದು ಬೀಜ ಕಳಿಸಿದರು. 21 ವರ್ಷ ಆದ ಮೇಲೆ, 1975ರಲ್ಲಿ, ಅಯೋವಾ ರಾಜ್ಯದ ಆಲಿಸ್ ವಾಂಕ್ ಅನ್ನೋ ಹೆಂಗಸು ಗೆದ್ದರು. ವಿಜ್ಞಾನಿ ಅಲ್ಲ, ಅಂಗಳದಲ್ಲಿ ಹೂವು ಬೆಳೆಯೋರು. ಪ್ರತಿ ವರ್ಷ ಎಲ್ಲಕ್ಕಿಂತ ಬೆಳ್ಳಗಿರೋ ಹೂವಿನ ಬೀಜ ಎತ್ತಿಟ್ಟು ಮಾಡಿದ್ದು. ಈ ಕಥೆ ಓದಿದಾಗ ನನಗೆ ಅಮ್ಮ ನೆನಪಾದಳು, ಯಾಕೆ ಅಂತ ಮುಂದೆ ಹೇಳ್ತೀನಿ.

ಮೆಕ್ಸಿಕೋದವರು ಹಿರಿಯರು ವಾಸನೆ ಹಿಡಿದು ಬರಲಿ ಅಂತ ಬೆಳೆದ ಹೂವು. ಇನ್ನೊಬ್ಬರು ವಾಸನೆ ಬೇಡ, ಬಣ್ಣ ಸಾಕು ಅಂತ ತಿದ್ದಿದರು. ಅಂಗಳಕ್ಕೆ, ಕುಂಡಕ್ಕೆ, ಮದುವೆ ಸ್ಟೇಜಿಗೆ ಅಂತ ತಿದ್ದಿದ ತಳಿ ಅದೇ ಕೆಲಸಕ್ಕೆ ಒಳ್ಳೇದು. ಅದನ್ನ ತಂದು ಹೊಲದಲ್ಲಿ ಹುಳ ಹಿಡಿ ಅಂದರೆ ಅದು ಪಾಪ ಏನು ಮಾಡುತ್ತೆ.

ನಮ್ಮ ದೇಶದ ತಳಿಗಳೂ ಇವೆ. ದೆಹಲಿಯ ಪೂಸಾದವರು 1995ರಲ್ಲಿ ಬಿಟ್ಟ ಪೂಸಾ ನಾರಂಗಿ ಕಿತ್ತಳೆ ಬಣ್ಣ, ಪೂಸಾ ಬಸಂತಿ ಹಳದಿ. ಚೆನ್ನಾಗಿವೆ, ಆದರೆ ಅಲ್ಲಿನ ಚಳಿಗೆ ಬಿತ್ತಿ ಹೂವು ಬರೋಕೆ ನಾಲ್ಕು ತಿಂಗಳ ಮೇಲೆ ಹಿಡಿಯೋ ತಳಿ, ಬಲೆ ಬೆಳೆಗೆ ಅಂತ ತರೋರು ಮೊದಲು ಸ್ವಲ್ಪ ಬಿತ್ತಿ ದಿನ ಎಣಿಸಿ ನೋಡಿ. ಹೆಸರಘಟ್ಟದ್ದು ಅರ್ಕ ಹೆಸರಿನ ಸಾಲು, ಅರ್ಕ ಅಗ್ನಿ, ಅರ್ಕ ಬಂಗಾರ ಇತ್ಯಾದಿ. ಇನ್ನು ಗುಂಡ್ಲುಪೇಟೆ ಕಡೆ ಹೆದ್ದಾರಿ ಪಕ್ಕ ಎಕರೆಗಟ್ಟಲೆ ಕಾಣೋದು ಕಾರ್ಖಾನೆ ಚೆಂಡು. ಎಸಳಿನಿಂದ ಲ್ಯೂಟಿನ್ ಅನ್ನೋ ಬಣ್ಣ ತೆಗೆದು ಕೋಳಿ ಆಹಾರಕ್ಕೆಲ್ಲ ಹಾಕ್ತಾರೆ, ಮೊಟ್ಟೆಯ ಹಳದಿ ಗಾಢ ಆಗೋಕೆ. ಒಪ್ಪಂದದ ಬೆಳೆ ಅದು, ನಮ್ಮ ಕಡೆ ಲೆಕ್ಕಕ್ಕೆ ಬರಲ್ಲ.

ಈಗ ಅಮ್ಮನ ಚೆಂಡು. ನಮ್ಮ ಬಾವಿ ಬದುವಿನಲ್ಲಿ ಅಮ್ಮ ಪ್ರತಿ ವರ್ಷ ನಾಟಿ ಚೆಂಡು ಬೆಳೀತಿದ್ದಳು. ಎದೆ ಎತ್ತರ, ಕಡು ಕಿತ್ತಳೆ, ಹೂವು ತೀರಾ ದಪ್ಪ ಅಲ್ಲ. ಎಲೆ ಮುಟ್ಟಿದರೆ ಸಂಜೆವರೆಗೂ ಕೈ ವಾಸನೆ. ದಸರಾ ಆದ ಮೇಲೆ ಒಳ್ಳೇ ಹೂವು ನೋಡಿ ಗಿಡದಲ್ಲೇ ಒಣಗಲು ಬಿಟ್ಟು, ಬೂದಿ ಬೆರೆಸಿ ಡಬ್ಬಿಯಲ್ಲಿ ಇಡ್ತಿದ್ದಳು. ಮುಂದಿನ ವರ್ಷ ಅದೇ ಬೀಜ. ಆ ಬದುವಿನ ಹೂವಲ್ಲಿ ಯಾವಾಗಲೂ ಹಸಿರು ಹುಳ ಇರ್ತಿತ್ತು, ಪೂಜೆಗೆ ಕೊಡವಿ ತರ್ತಿದ್ದಳು. ಹತ್ತಿರದ ನಾಲ್ಕು ಸಾಲು ಟೊಮೆಟೊ ಯಾಕೆ ಚೆನ್ನಾಗಿರ್ತಿತ್ತು ಅಂತ ನಾವ್ಯಾರೂ ಯೋಚನೆ ಮಾಡಿರಲಿಲ್ಲ. ಬಾವಿ ಹತ್ತಿರ ನೀರು ಜಾಸ್ತಿ ಅಂದ್ಕೊಂಡಿದ್ವಿ.

2009ರಲ್ಲಿ ನಾನು ದಸರಾ ಮಾರುಕಟ್ಟೆಗೆ ಅಂತ ಅರ್ಧ ಎಕರೆ ಹೈಬ್ರಿಡ್ ಹಾಕಿದೆ. ಒಂದೇ ಅಳತೆ ಹೂವು, ಒಂದೇ ಬಣ್ಣ, ಒಳ್ಳೇ ದುಡ್ಡು. ಬದುವಿನ ನಾಟಿ ಗಿಡ ಕಿತ್ತು ಅಲ್ಲಿಗೂ ಅದನ್ನೇ ಹಾಕಿದೆ. ಅಮ್ಮ "ಬೀಜಕ್ಕೆ ನಾಲ್ಕು ಗಿಡ ಬಿಡೋ" ಅಂದಿದ್ದಳು. ಹೈಬ್ರಿಡ್ಡಿಂದಲೇ ಬೀಜ ತೆಗೆದರೆ ಆಯ್ತು ಅಂದೆ. ಮುಂದಿನ ವರ್ಷ ಆ ಬೀಜದಿಂದ ಬಂದಿದ್ದು ಒಂದೊಂದು ಗಿಡ ಒಂದೊಂದು ಥರ, ಎಷ್ಟೋ ಹೂವು ಒಂಟಿ ಎಸಳು. ಹೈಬ್ರಿಡ್ ಅಂದರೆ ಎರಡು ಬೇರೆ ತಳಿ ಕೂಡಿಸಿ ಮಾಡಿದ್ದು, ಅದರ ಮಕ್ಕಳು ಅದರ ಥರ ಇರಲ್ಲ ಅಂತ ಆಗ ಗೊತ್ತಾಯ್ತು. ಆ ವರ್ಷ ಬೆಲೆನೂ ಬಿದ್ದುಹೋಯ್ತು, ಅರ್ಧ ಹೂವು ರಸ್ತೆ ಪಕ್ಕ ಸುರಿದು ಬಂದೆ. ಅಮ್ಮನ ಡಬ್ಬಿ ಅಟ್ಟದ ಮೇಲಿತ್ತು. 2012ರಲ್ಲಿ ಅವಳು ಹೋದ ಮೇಲೆ ತೆಗೆದು ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಚೆಂಡಿನ ಬೀಜ ಬಹಳ ವರ್ಷ ನಿಲ್ಲಲ್ಲ.

ಚೆಂಡು ಎಲ್ಲಕ್ಕೂ ಮದ್ದಲ್ಲ ಅಂತಲೂ ಹೇಳಿಬಿಡ್ತೀನಿ. 2014ರಲ್ಲಿ ನಮ್ಮ ದೇಶಕ್ಕೆ ಹೊಸದಾಗಿ ಬಂದ ಟೂಟಾ ಹುಳ, ಎಲೆಯೊಳಗೆ ಸುರಂಗ ಮಾಡಿ ಕಾಯಿಗೂ ಸೂಜಿ ತೂತು ಹಾಕೋದು, ಅದನ್ನ ನನ್ನ ಚೆಂಡಿನ ಸಾಲು ತಡೆಯಲಿಲ್ಲ. ಅದಕ್ಕೆ ಲಿಂಗಾಕರ್ಷಕ ಬಲೆನೇ ಕಟ್ಟಬೇಕಾಯ್ತು. ಬೇಸಿಗೆಯಲ್ಲಿ ಚೆಂಡಿಗೇ ಮೈಟ್ಸ್, ಥ್ರಿಪ್ಸ್ ಹತ್ತುತ್ತೆ, ನೋಡ್ಕೊಳ್ಳದಿದ್ದರೆ ಅಲ್ಲಿಂದ ಪಕ್ಕದ ಬೆಳೆಗೆ ಹೋಗುತ್ತೆ. ಹಗಲು ಉದ್ದ ಇರೋ ತಿಂಗಳಲ್ಲಿ ಎತ್ತರದ ಚೆಂಡು ಮೊಗ್ಗು ಬಿಡೋದೂ ತಡ, ಆಗ ಬೀಜ ಇನ್ನೂ ಒಂದು ವಾರ ಮುಂಚೆ ಬಿತ್ತಿ. ಎಷ್ಟು ಸಲ ಔಷಧಿ ಹೊಡೀತೀಯ ಅಂತ ಕೇಳಿದರೆ, ಹೋದ ಬೆಳೆಗೆ ಐದು ಸಲ, ಅದರಲ್ಲಿ ಎರಡು ಎನ್‌ಪಿವಿ. ಹದಿನಾಲ್ಕು ಅಲ್ಲ.

ಹೋದ ವರ್ಷ ಅತ್ತಿಗೆ ತವರಿನ ಹಬ್ಬಕ್ಕೆ ಹೋಗಿದ್ದೆ. ಅವರ ಹಿತ್ತಲಲ್ಲಿ ಎದೆ ಎತ್ತರದ ಕಿತ್ತಳೆ ಚೆಂಡು. ಎಲೆ ಹಿಸುಕಿ ಮೂಸಿದೆ. ಎಲ್ಲಿಯದು ಅಂತ ಕೇಳಿದರೆ ಅತ್ತಿಗೆಯ ತಾಯಿ, "ನಿಮ್ಮಮ್ಮನೇ ಕೊಟ್ಟಿದ್ದು ಕಣಪ್ಪ, ಮದುವೆ ವರ್ಷ" ಅಂದರು. ಒಂದು ಹಿಡಿ ಬೀಜ ಕೊಟ್ಟರು. ಈ ಸಲ 140 ಸಸಿ ಎದ್ದಿವೆ. ಹೂವು ಬಿಟ್ಟ ಮೇಲೆ ನೋಡಿದರೆ ಎಲ್ಲಾ ಅಮ್ಮನ ಥರ ಇಲ್ಲ, ಇಷ್ಟು ವರ್ಷದಲ್ಲಿ ಜೇನು ಬೇರೆ ಚೆಂಡಿನ ಪರಾಗ ತಂದು ಬೆರೆಸಿದೆ, ಕೆಲವು ಹಳದಿ ತಿರುಗಿವೆ. ಅದೇ ಬಣ್ಣ, ಅದೇ ಎತ್ತರದ್ದು ಅಂತ 30 ಗಿಡಕ್ಕೆ ಅರಿಶಿನ ದಾರ ಕಟ್ಟಿದೀನಿ. ಹಳದಿ ಗಿಡ ಮೊಗ್ಗಲ್ಲೇ ಕಿತ್ತು ಹಾಕ್ತಿದೀನಿ. ದಾರ ಕಟ್ಟಿದ ಗಿಡದ ಹೂವು ದಸರಾಗೆ ಕೀಳಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದೀನಿ.

ಬೀಜ ಒಣಗೋಕೆ ದೀಪಾವಳಿ ಆಗುತ್ತೆ. ಆ ಹುಡುಗನಿಗೆ ಮೊದಲ ಹಿಡಿ ಅಂತ ಮಾತು ಕೊಟ್ಟಿದೀನಿ. ಬೇಕಾದವರು ಮಂಡಿಯಲ್ಲಿ ಸಿಕ್ಕಾಗ ಹೇಳಿ, ಒಬ್ಬರಿಗೆ ಒಂದು ಸಾಲಿಗಾಗುವಷ್ಟು ಕೊಡ್ತೀನಿ. ನಿಮ್ಮ ಮನೆ ಹಿತ್ತಲಲ್ಲೂ ಇಂಥ ಹಳೇ ಚೆಂಡು ಇದ್ದರೆ ಎರಡು ಒಣ ಹೂವು ತಗೊಂಡು ಬನ್ನಿ.